ಬೇನೆಗೆ ಸರಿಯಾದ ಹೆಸರು
ಮಕ್ಕಳ ಆನುವಂಶಿಕ ರೋಗಗಳೂ ನಿಖರ ಚಿಕಿತ್ಸೆಯೂ

ರೋಗಕ್ಕೆ ಮದ್ದನ್ನು ಅರಸುವ ಮೊದಲು ಅದರ ಹೆಸರನ್ನು ಅರಿಯಬೇಕೆಂಬುದು ವೈದ್ಯಶಾಸ್ತ್ರದ ಮೊದಲ ಪಾಠ. ಕೆಮ್ಮು, ಜ್ವರ, ವಾಂತಿಭೇದಿಗಳಂಥ ಬೇನೆಗಳಲ್ಲಿ ಈ ಪಾಠ ಅಷ್ಟೇನೂ ಕಠಿಣವೆನಿಸುವುದಿಲ್ಲ. ಆದರೆ ಹುಟ್ಟುವಾಗಲೇ ಮಗುವಿನ ಜೀವಕೋಶಗಳಲ್ಲಿ ಬರೆದಿಟ್ಟಂತೆ ಬರುವ ಕೆಲವು ಬೇನೆಗಳಿವೆ. ಇವುಗಳಿಗೆ ಸರಿಯಾದ ಹೆಸರು ದೊರೆಯುವಷ್ಟರಲ್ಲಿ ಎಷ್ಟೋ ವರ್ಷಗಳು ಕಳೆದಿರುತ್ತವೆ. ಅಷ್ಟರೊಳಗೆ ಬೇಡದ ಮದ್ದುಗಳು ಮಗುವಿನ ಮೈಸೇರಿರುತ್ತವೆ.

ಪುಣೆಯ ಪೂರ್ವದ ಅಂಚಿನಲ್ಲಿ, ಮುಳಾ-ಮುಠಾ ನದಿಯ ದಂಡೆಯ ಮೇಲಿರುವ ಖರಾಡಿ ಒಂದು ಕಾಲಕ್ಕೆ ಹೊಲಗಳ ನಡುವಿನ ಹಳ್ಳಿ. ಇಂದು ಅಲ್ಲಿ ಗಣಕಯಂತ್ರ ಸಂಸ್ಥೆಗಳ ಬಹುಮಹಡಿ ಕಟ್ಟಡಗಳು ಎದ್ದು ನಿಂತಿವೆ. ಉದ್ಯೋಗವನ್ನರಸಿ ಅಲ್ಲಿಗೆ ಬಂದು ನೆಲೆಸಿದವರಲ್ಲಿ ಕನ್ನಡಿಗರೂ ಇದ್ದಾರೆ. ಅಂಥದೊಂದು ಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. ತಂದೆ ಧಾರವಾಡದ ಕಡೆಯವರು, ತಾಯಿ ಗದಗಿನವರು. ತಾಯಿಗೆ ತಂದೆ ಸ್ವಂತ ಸೋದರತ್ತೆಯ ಮಗ. ನಾಲ್ಕನೆಯ ವರ್ಷದವರೆಗೆ ಓಡಾಡಿಕೊಂಡಿದ್ದ ಮಗಳ ಕೈಬೆರಳಿನ ಗಿಣ್ಣುಗಳು ಕ್ರಮೇಣ ದಪ್ಪವಾಗುತ್ತವೆ. ಆರನೆಯ ವರ್ಷಕ್ಕೆ ಮೆಟ್ಟಿಲು ಹತ್ತಲು ಕಷ್ಟ. ನೆಲದಿಂದ ಏಳುವಾಗ ಗೋಡೆಯ ಆಸರೆ ಬೇಕು. ಮಗುವಿಗೆ ವಾಯು ಹಿಡಿದಿದೆಯೆಂದು ಅಜ್ಜಿ ಎಣ್ಣೆ ಕಾಯಿಸಿ ತಿಕ್ಕುತ್ತಾರೆ. ಮಕ್ಕಳಲ್ಲಿ ಕಾಣುವ ಸಂಧಿವಾತವಿರಬಹುದೆಂದು ಚಿಕಿತ್ಸೆ ಆರಂಭವಾಗುತ್ತದೆ. ಸ್ಟೆರಾಯ್ಡ್ ಗುಳಿಗೆಗಳಿಂದ ಮುಖ ಊದಿಕೊಳ್ಳುತ್ತದೆಯೇ ಹೊರತು ಕೀಲುಗಳು ಸಡಿಲಗೊಳ್ಳುವುದಿಲ್ಲ.

ಕುಟುಂಬ ಕಲ್ಪನೆಯದಾದರೂ ಈ ಬೇನೆ ಕಲ್ಪನೆಯದಲ್ಲ. ಅದಕ್ಕೊಂದು ಹೆಸರಿದೆ. ಆ ಹೆಸರನ್ನು ಭಾರತದ ಮನೆಮನೆಗಳಲ್ಲಿ ಗುರುತಿಸಿದ ಕೆಲಸದಲ್ಲಿ ಕರ್ನಾಟಕದ ಕರಾವಳಿಯ ಒಂದು ವೈದ್ಯಕೀಯ ಕಾಲೇಜಿನ ಪಾಲು ದೊಡ್ಡದು. ಆ ಕಥೆಯನ್ನು ತಿಳಿಯುವ ಮುನ್ನ ವಂಶವಾಹಿಗಳ ವಿಷಯವಾಗಿ ಎರಡು ಮಾತು ಅವಶ್ಯ.

ಮುನ್ನೂರು ಕೋಟಿ ಅಕ್ಷರಗಳ ಗ್ರಂಥ

ಮನುಷ್ಯನ ಬಹುತೇಕ ಎಲ್ಲ ಜೀವಕೋಶಗಳ ಕೇಂದ್ರದಲ್ಲಿಯೂ 23 ಜೊತೆ ವರ್ಣತಂತುಗಳಿರುತ್ತವೆ. ಪ್ರತಿ ಜೊತೆಯಲ್ಲಿ ಒಂದು ತಾಯಿಯಿಂದ, ಇನ್ನೊಂದು ತಂದೆಯಿಂದ ಬಂದದ್ದು. ಇವುಗಳಲ್ಲಿರುವ ಡಿ.ಎನ್.ಎ. ಎಂಬ ದ್ರವ್ಯವನ್ನು ನಾಲ್ಕೇ ಅಕ್ಷರಗಳಲ್ಲಿ ಬರೆದ ಗ್ರಂಥಕ್ಕೆ ಹೋಲಿಸಬಹುದು. ಒಂದು ಪ್ರತಿಯಲ್ಲಿ ಸುಮಾರು 300 ಕೋಟಿ ಅಕ್ಷರಗಳು. ದೇಹಕ್ಕೆ ಬೇಕಾದ ಪ್ರೋಟೀನುಗಳನ್ನು ತಯಾರಿಸುವ ಸೂಚನೆಗಳು ಈ ಗ್ರಂಥದ ಸುಮಾರು 20,000 ಭಾಗಗಳಲ್ಲಿ ಅಡಗಿವೆ. ಅವೇ ವಂಶವಾಹಿಗಳು.

ಇಂಥ ಗ್ರಂಥದಲ್ಲಿ ಒಂದೇ ಒಂದು ಅಕ್ಷರ ತಪ್ಪಿದರೂ ಕೆಲವೊಮ್ಮೆ ಅನರ್ಥವಾಗುತ್ತದೆ. ಆದರೆ ಎರಡು ಪ್ರತಿಗಳಿರುವುದರಿಂದ ಒಂದರಲ್ಲಿ ತಪ್ಪಿದ್ದರೂ ಇನ್ನೊಂದು ಕೆಲಸವನ್ನು ಸಾಗಿಸುವುದು ಸಾಮಾನ್ಯ. ಹೀಗೆ ಒಂದು ತಪ್ಪನ್ನು ಹೊತ್ತೂ ಆರೋಗ್ಯವಾಗಿರುವವರನ್ನು 'ವಾಹಕರು' ಎನ್ನುತ್ತಾರೆ. ಪ್ರತಿಯೊಬ್ಬ ಮನುಷ್ಯನೂ ಒಂದಲ್ಲ ಒಂದು ರೋಗದ ವಾಹಕನೇ. ತಂದೆ ತಾಯಿ ಇಬ್ಬರೂ ಒಂದೇ ವಂಶವಾಹಿಯ ದೋಷದ ವಾಹಕರಾಗಿದ್ದಾಗ ಮಾತ್ರ, ಪ್ರತಿ ಬಸಿರಿನಲ್ಲಿಯೂ ನಾಲ್ಕರಲ್ಲಿ ಒಂದು ಪಾಲು, ಮಗುವಿಗೆ ರೋಗ ಬರುವ ಸಂಭವವಿರುತ್ತದೆ.

1990ರಲ್ಲಿ ಆರಂಭವಾಗಿ 2003ರಲ್ಲಿ ಮುಗಿದ ಅಂತರರಾಷ್ಟ್ರೀಯ ಯೋಜನೆಯೊಂದು ಈ ಗ್ರಂಥವನ್ನು ಬಹುಮಟ್ಟಿಗೆ ಓದಿ ಮುಗಿಸಿತು. ಉಳಿದಿದ್ದ ತೆರಪುಗಳು 2022ರಲ್ಲಿ ತುಂಬಿದವು. ಮೊದಲ ಓದಿಗೆ ಹದಿಮೂರು ವರ್ಷಗಳು ಹಿಡಿದವು. ಇಂದು ಒಂದು ಮಗುವಿನ ಗ್ರಂಥವನ್ನು ಕೆಲವೇ ದಿನಗಳಲ್ಲಿ ಓದಬಹುದು. ಓದಿದ ಮೇಲೆ ಅದರಲ್ಲಿನ ಲಕ್ಷಾಂತರ ವ್ಯತ್ಯಾಸಗಳಲ್ಲಿ ರೋಗಕ್ಕೆ ಕಾರಣವಾದ ಒಂದನ್ನು ಹೆಕ್ಕಿ ತೆಗೆಯುವ ಕೆಲಸಕ್ಕೆ ಗಣಕಯಂತ್ರವೇ ಬೇಕು. ಖರಾಡಿಯ ಕಚೇರಿಗಳಲ್ಲಿ ರಾಶಿ ಅಂಕಿಅಂಶಗಳನ್ನು ಸೋಸಿ ತಪ್ಪನ್ನು ಹುಡುಕುವವರಿಗೆ ಈ ಶ್ರಮದ ಸ್ವರೂಪವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಪ್ಪು ಬಟ್ಟೆಯಿಂದ ಪಥ್ಯದವರೆಗೆ

ಈ ವಿದ್ಯೆ ಗಣಕಯಂತ್ರಕ್ಕಿಂತ ಹಳೆಯದು. ಲಂಡನ್ನಿನ ವೈದ್ಯ ಆರ್ಚಿಬಾಲ್ಡ್ ಗ್ಯಾರಡ್ ಮೂತ್ರ ಕಪ್ಪಾಗುವ ಶಿಶುಗಳನ್ನು ಕಂಡನು. ಹಸುಗೂಸಿನ ಬಟ್ಟೆ ಕಪ್ಪಾಗುವುದನ್ನು ಸೋಂಕೆಂದು ಬಗೆಯುತ್ತಿದ್ದ ಕಾಲವದು. ಇಂಥ ಶಿಶುಗಳ ತಂದೆತಾಯಿಗಳು ಅನೇಕ ವೇಳೆ ಅಣ್ಣತಮ್ಮಂದಿರ ಅಥವಾ ಅಕ್ಕತಂಗಿಯರ ಮಕ್ಕಳಾಗಿರುವುದನ್ನು ಗಮನಿಸಿದ ಗ್ಯಾರಡ್, ಇದು ಆನುವಂಶಿಕವಾದ ರಾಸಾಯನಿಕ ಕೊರತೆಯೆಂದು 1902ರಲ್ಲಿ ಪ್ರಕಟಿಸಿದನು. ಮೆಂಡೆಲನ ನಿಯಮ ಮನುಷ್ಯನ ರೋಗಕ್ಕೂ ಅನ್ವಯಿಸುತ್ತದೆಂಬುದು ಆಗ ಮೊದಲ ಬಾರಿಗೆ ತಿಳಿದುಬಂದಿತು.

1934ರಲ್ಲಿ ನಾರ್ವೆ ದೇಶದ ತಾಯಿಯೊಬ್ಬಳು ಬುದ್ಧಿ ಬೆಳೆಯದ ತನ್ನ ಇಬ್ಬರು ಮಕ್ಕಳನ್ನು ಆಸ್‌ಬ್ಯೋರ್ನ್ ಫೋಲಿಂಗ್ ಎಂಬ ವೈದ್ಯನ ಬಳಿಗೆ ತಂದಳು. ಮಕ್ಕಳ ಮೈಯಿಂದ ವಿಚಿತ್ರ ವಾಸನೆ ಬರುತ್ತಿರುವುದೇಕೆಂಬುದು ಆಕೆಯ ಪ್ರಶ್ನೆ. ಅನೇಕರು ತಳ್ಳಿಹಾಕಿದ್ದ ಆ ಪ್ರಶ್ನೆಯನ್ನು ಫೋಲಿಂಗ್ ತಳ್ಳಿಹಾಕಲಿಲ್ಲ. ಆಹಾರದ ಪ್ರೋಟೀನಿನಲ್ಲಿರುವ ಫಿನೈಲಲನಿನ್ ಎಂಬ ಅಂಶವನ್ನು ಅರಗಿಸಲಾಗದ ದೋಷವನ್ನು ಆತ ಪತ್ತೆಹಚ್ಚಿದನು. ಆ ಅಂಶವನ್ನು ಕಡಿಮೆ ಮಾಡಿದ ಪಥ್ಯದಿಂದ ಮಗು ಚೇತರಿಸುವುದೆಂದು 1953ರಲ್ಲಿ ಹಾರ್ಸ್ಟ್ ಬಿಕೆಲ್ ಮತ್ತು ಸಂಗಡಿಗರು ತೋರಿಸಿದರು. 1960ರ ದಶಕದ ಆರಂಭದಲ್ಲಿ ರಾಬರ್ಟ್ ಗಥ್ರಿ, ಶಿಶುವಿನ ಹಿಮ್ಮಡಿಯಿಂದ ತೆಗೆದ ರಕ್ತದ ಹನಿಯೊಂದನ್ನು ಕಾಗದದ ಮೇಲೆ ಒಣಗಿಸಿ ರೋಗವನ್ನು ಹುಟ್ಟಿದ ವಾರದಲ್ಲೇ ಕಂಡುಹಿಡಿಯುವ ವಿಧಾನವನ್ನು ರೂಪಿಸಿದನು. ಕರ್ನಾಟಕದಲ್ಲಿಯೂ 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಮಂದಿರದ ಪ್ರೊ. ಎನ್. ಅಪ್ಪಾಜಿ ರಾವ್ ಅವರೂ ಅವರ ಸಂಗಡಿಗರೂ ಇದೇ ಬಗೆಯ ನವಜಾತ ಶಿಶು ಪರೀಕ್ಷೆಯನ್ನು ದೊಡ್ಡ ಪ್ರಮಾಣದಲ್ಲಿ ನಡೆಸಿದ್ದು ಸ್ಮರಣೀಯ.

ರೋಗಕ್ಕೆ ಒಂದು ಮದ್ದು ಎನ್ನುವ ಬದಲು ಈ ಮಗುವಿನ ಈ ದೋಷಕ್ಕೆ ಈ ಮದ್ದು ಎಂದು ಗೊತ್ತುಮಾಡುವ ಕ್ರಮವನ್ನು ಇಂದು 'ನಿಖರ ಚಿಕಿತ್ಸೆ' ಎಂದು ಕರೆಯುತ್ತಾರೆ. ಅದರ ಬೀಜ ಆ ಪಥ್ಯದಲ್ಲಿಯೇ ಇತ್ತು.

ಹಂದಿಗೋಡಿನ ಪಾಠ

ಹೆಸರು ತಿಳಿಯದ ಬೇನೆಯ ಕಷ್ಟವನ್ನು ಕನ್ನಡನಾಡು ಹತ್ತಿರದಿಂದ ಕಂಡಿದೆ. 1970ರ ದಶಕದಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಸೊಂಟ ಹಾಗೂ ಮೊಣಕಾಲಿನ ಕೀಲುಗಳು ಸವೆದು, ದುಡಿಯುವ ವಯಸ್ಸಿನವರೇ ನಡೆಯಲಾರದೆ ಕುಳಿತದ್ದು ಬೆಳಕಿಗೆ ಬಂದಿತು. ಬಡ ಕೃಷಿಕಾರ್ಮಿಕ ಕುಟುಂಬಗಳಲ್ಲಿಯೇ ಇದು ಕಾಣಿಸಿದ್ದರಿಂದ, ಕ್ರಿಮಿನಾಶಕ ಬೆರೆತ ಗದ್ದೆಯ ಏಡಿಗಳನ್ನು ತಿಂದದ್ದೇ ಕಾರಣವೆಂಬ ಶಂಕೆ ಹಬ್ಬಿತು. ಇದು ಕುಟುಂಬಗಳಲ್ಲಿ ಹರಿದುಬರುವ ಬೇನೆಯೆಂದು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ ಸಂಶೋಧಕರು 1977ರಲ್ಲಿ ಬರೆದರು. ಮುಂದೆ 1990ರ ದಶಕದಲ್ಲಿ ಲಕ್ನೋದ ಸಂಜಯ ಗಾಂಧಿ ಸ್ನಾತಕೋತ್ತರ ಸಂಸ್ಥೆಯ ತಳಿತಜ್ಞರು ಕ್ಷ-ಕಿರಣ ಚಿತ್ರಗಳನ್ನೂ ವಂಶವೃಕ್ಷಗಳನ್ನೂ ಪರಿಶೀಲಿಸಿ, ಇದು ಎಲುಬುಗಳ ಬೆಳವಣಿಗೆಯಲ್ಲಿನ ಆನುವಂಶಿಕ ದೋಷವೆಂಬುದನ್ನು ವಿವರಿಸಿದರು. ತಿಂದ ಅನ್ನದ ಮೇಲೆ ಬಂದಿದ್ದ ಅಪವಾದ ಹೀಗೆ ದೂರವಾಯಿತು. ನೋವು ಮಾತ್ರ ಉಳಿಯಿತು. ರೋಗಕ್ಕೆ ಹೆಸರಿಡುವುದು ಮೊದಲ ಮೆಟ್ಟಿಲಷ್ಟೇ ಎಂಬುದೂ ಹಂದಿಗೋಡಿನ ಪಾಠವೇ.

ಮಣಿಪಾಲದ ಶೋಧನೆ

ಕಲ್ಪನೆಯ ಆ ಮಗುವಿನ ಬೇನೆಗೂ ಎಲುಬು-ಕೀಲುಗಳೇ ನೆಲೆ. ಇದನ್ನು 1982ರಲ್ಲಿ ರುತ್ ವಿನ್-ಡೇವಿಸ್ ಮತ್ತು ಸಂಗಡಿಗರು ಬ್ರಿಟನ್ನಿನಲ್ಲಿ ವರ್ಣಿಸಿದ್ದರು. 'ಪ್ರೊಗ್ರೆಸಿವ್ ಸೂಡೋರುಮಟಾಯ್ಡ್ ಡಿಸ್‌ಪ್ಲೇಸಿಯಾ' ಎಂಬ ಉದ್ದನೆಯ ಹೆಸರನ್ನು ಕನ್ನಡದಲ್ಲಿ 'ಹುಸಿ ಸಂಧಿವಾತ' ಎನ್ನಬಹುದು. ಆರನೆಯ ವರ್ಣತಂತುವಿನಲ್ಲಿರುವ ವಿಸ್ಪ್-3 ಎಂಬ ವಂಶವಾಹಿಯ ದೋಷವೇ ಇದಕ್ಕೆ ಕಾರಣವೆಂದು 1999ರಲ್ಲಿ ತಿಳಿದುಬಂದಿತು. ಕೀಲುಗಳ ಮೃದ್ವಸ್ಥಿಯನ್ನು ಸುಸ್ಥಿತಿಯಲ್ಲಿಡಲು ಬೇಕಾದ ಪ್ರೋಟೀನು ಇಲ್ಲಿ ಸರಿಯಾಗಿ ತಯಾರಾಗುವುದಿಲ್ಲ. ಹುಟ್ಟುವಾಗ ಆರೋಗ್ಯವಾಗಿರುವ ಮಗುವಿನಲ್ಲಿ ಸಾಮಾನ್ಯವಾಗಿ ಮೂರರಿಂದ ಎಂಟು ವರ್ಷಗಳ ನಡುವೆ ಬೆರಳ ಗಿಣ್ಣುಗಳು ದಪ್ಪವಾಗಿ, ಕೀಲುಗಳು ಬಿಗಿಯುತ್ತ ಬರುತ್ತವೆ. ಬುದ್ಧಿಗೆ ಯಾವ ಕುಂದೂ ಇರುವುದಿಲ್ಲ.

ಉಡುಪಿ ಜಿಲ್ಲೆಯ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ವೈದ್ಯಕೀಯ ತಳಿವಿಜ್ಞಾನವನ್ನು ಬೆಳೆಸಿದ ಡಾ. ಕೆ. ಎಂ. ಗಿರೀಶ ಅವರು ಮಕ್ಕಳ ಎಲುಬಿನ ಆನುವಂಶಿಕ ರೋಗಗಳನ್ನು ವಿಶೇಷವಾಗಿ ಅಭ್ಯಸಿಸಿದವರು. ಅವರೂ ಹೈದರಾಬಾದಿನ ಡಿ.ಎನ್.ಎ. ಸಂಶೋಧನ ಕೇಂದ್ರದ ಡಾ. ಅಶ್ವಿನ್ ದಲಾಲ್ ಮೊದಲಾದವರೂ ಸೇರಿ ಈ ಬೇನೆಯುಳ್ಳ ಹಲವಾರು ಭಾರತೀಯ ಕುಟುಂಬಗಳ ವಿಸ್ಪ್-3 ವಂಶವಾಹಿಯನ್ನು ಪರೀಕ್ಷಿಸಿ 2012ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಪರಸ್ಪರ ನೆಂಟಸ್ತಿಕೆಯಿಲ್ಲದ ಕುಟುಂಬಗಳಲ್ಲಿಯೂ ಕೆಲವು ತಪ್ಪುಗಳು ಮತ್ತೆ ಮತ್ತೆ ಕಾಣಿಸಿದವು. ಯಾವ ತಪ್ಪನ್ನು ಮೊದಲು ಹುಡುಕಬೇಕೆಂಬುದು ಇದರಿಂದ ಭಾರತದ ವೈದ್ಯರಿಗೆ ಗೊತ್ತಾಯಿತು. ಇದೇ ವಿಭಾಗದ ಡಾ. ಅಂಜು ಶುಕ್ಲಾ, ಗಿರೀಶ ಮತ್ತು ಸಂಗಡಿಗರು 2017ರಲ್ಲಿ, ಎಳೆಯ ಶಿಶುಗಳ ಮೆದುಳು ಕ್ಷೀಣಿಸುವ ಒಂದು ಬೇನೆಗೆ ಐ.ಎಸ್.ಸಿ.ಎ.-1 ಎಂಬ ವಂಶವಾಹಿಯ ದೋಷ ಕಾರಣವೆಂದು ವರದಿ ಮಾಡಿದರು. ಆ ವಂಶವಾಹಿಗೂ ಮನುಷ್ಯನ ರೋಗಕ್ಕೂ ಇರುವ ನಂಟು ಅಲ್ಲಿಯವರೆಗೆ ತಿಳಿದಿರಲಿಲ್ಲ.

ಹುಸಿ ಸಂಧಿವಾತವನ್ನು ಗುಣಪಡಿಸುವ ಮದ್ದು ಇನ್ನೂ ಇಲ್ಲ. ಹಾಗಿದ್ದಲ್ಲಿ ಹೆಸರು ತಿಳಿದು ಪ್ರಯೋಜನವೇನು ಎಂದು ವಾಚಕರು ಕೇಳಬಹುದು. ಪ್ರಯೋಜನ ಬಹಳವಿದೆ. ನಿಜವಾದ ಸಂಧಿವಾತದಲ್ಲಿ ಕೀಲಿನ ಒಳಪೊರೆಗೆ ಉರಿಯೂತ ಬಂದಿರುತ್ತದೆ. ಸ್ಟೆರಾಯ್ಡ್, ಮೆಥೊಟ್ರೆಕ್ಸೇಟ್ ಮೊದಲಾದವು ಅದನ್ನು ತಣಿಸುತ್ತವೆ. ಹುಸಿ ಸಂಧಿವಾತದಲ್ಲಿ ತಣಿಸಬೇಕಾದ ಉರಿಯೂತವೇ ಇಲ್ಲ. ರಕ್ತಪರೀಕ್ಷೆಯಲ್ಲಿ ಉರಿಯೂತದ ಗುರುತುಗಳು ಕಾಣುವುದಿಲ್ಲ. ಬೆನ್ನುಮೂಳೆಯ ಕ್ಷ-ಕಿರಣ ಚಿತ್ರದಲ್ಲಿ ಚಪ್ಪಟೆಯಾದ ಮಣಿಗಳು ಕಾಣುತ್ತವೆ. ಹೆಸರು ಖಚಿತವಾದೊಡನೆ ವೈದ್ಯರು ಆ ಪ್ರಬಲ ಮದ್ದುಗಳನ್ನು ಕ್ರಮವಾಗಿ ನಿಲ್ಲಿಸಬಹುದು. ಮಗುವಿಗೆ ಬೇಕಾದದ್ದು ಕೀಲುಗಳ ವ್ಯಾಯಾಮ, ನೋವಿನ ಶಮನ, ಶಾಲೆಯಲ್ಲಿ ಕುಳಿತೇಳಲು ಅನುಕೂಲ, ದೊಡ್ಡವಳಾದ ಮೇಲೆ ಅಗತ್ಯಬಿದ್ದರೆ ಸೊಂಟದ ಕೀಲು ಬದಲಾವಣೆ. ಬೇಡದ ಮದ್ದನ್ನು ನಿಲ್ಲಿಸುವುದೂ ಚಿಕಿತ್ಸೆಯೇ.

ಮದ್ದು ಒಂದೇ, ಅಳತೆ ಬೇರೆ

ನಿಖರ ಚಿಕಿತ್ಸೆಯ ಇತರ ಉಪಯೋಗಗಳೂ ಇವೆ. ಬಯೊಟಿನಿಡೇಸ್ ಎಂಬ ಕಿಣ್ವದ ಕೊರತೆಯುಳ್ಳ ಶಿಶುವಿಗೆ ಸೆಳವು, ಚರ್ಮದ ಬೇನೆ, ಕಿವುಡು ಬರಬಹುದು. ಮೊದಲೇ ತಿಳಿದರೆ ಬಯೊಟಿನ್ ಎಂಬ ಜೀವಸತ್ವದ ಗುಳಿಗೆಯೇ ಸಾಕು. ಎಸ್.ಸಿ.ಎನ್.-1-ಎ ಎಂಬ ವಂಶವಾಹಿಯ ದೋಷದಿಂದ ಬರುವ ತೀವ್ರ ಅಪಸ್ಮಾರದಲ್ಲಿ, ಸಾಮಾನ್ಯವಾಗಿ ಬಳಸುವ ಕಾರ್ಬಮಜೆಪಿನ್ ಸೆಳವನ್ನು ಹೆಚ್ಚಿಸಬಲ್ಲುದು. ಆಗ ಬೇರೆ ಮದ್ದನ್ನು ಆರಿಸಬೇಕು. ರಕ್ತದ ಕ್ಯಾನ್ಸರಿಗೆ ಕೊಡುವ ಮರ್ಕ್ಯಾಪ್ಟೊಪ್ಯೂರಿನ್ ಕೆಲವು ಮಕ್ಕಳ ದೇಹದಲ್ಲಿ ಬೇಗ ಕರಗದೆ ಅಸ್ಥಿಮಜ್ಜೆಯನ್ನೇ ಕುಗ್ಗಿಸುತ್ತದೆ. ಏಷ್ಯಾದ ಜನರಲ್ಲಿ ಹೆಚ್ಚಾಗಿ ಕಾಣುವ ಎನ್.ಯು.ಡಿ.ಟಿ.-15 ಎಂಬ ವಂಶವಾಹಿಯ ವ್ಯತ್ಯಾಸ ಇದಕ್ಕೊಂದು ಕಾರಣವೆಂದು 2014ರಿಂದೀಚೆಗೆ ತಿಳಿದಿದೆ. ಅಂಥ ಮಗುವಿಗೆ ಅದೇ ಮದ್ದನ್ನು ಕಡಿಮೆ ಅಳತೆಯಲ್ಲಿ ಕೊಟ್ಟರೆ ಸಾಕು.

ಈ ಸಂಗತಿಗಳನ್ನು ಓದಿ ಯಾವ ತಂದೆತಾಯಿಯೂ ತಾವಾಗಿಯೇ ಮಗುವಿನ ಮದ್ದನ್ನು ನಿಲ್ಲಿಸಲಾಗಲಿ ಬದಲಾಯಿಸಲಾಗಲಿ ಕೂಡದು. ಸ್ಟೆರಾಯ್ಡ್ ಮತ್ತು ಅಪಸ್ಮಾರದ ಮದ್ದುಗಳನ್ನು ಒಮ್ಮೆಲೇ ನಿಲ್ಲಿಸುವುದು ಪ್ರಾಣಾಪಾಯಕ್ಕೆ ಎಡೆಮಾಡಿಕೊಡಬಹುದು.

ಒಂದೇ ಮಗುವಿಗಾಗಿ ಮದ್ದನ್ನು ತಯಾರಿಸಿದ ಉದಾಹರಣೆಗಳೂ ಇವೆ. ಅಮೆರಿಕದ ಬಾಸ್ಟನ್ನಿನಲ್ಲಿ ಡಾ. ಟಿಮೊಥಿ ಯು, ಮೆದುಳಿನ ಅಪರೂಪದ ಬೇನೆಯಿದ್ದ ಮಿಲಾ ಎಂಬ ಬಾಲಕಿಯ ಒಂದು ನಿರ್ದಿಷ್ಟ ದೋಷಕ್ಕೆಂದೇ ರೂಪಿಸಿದ ಮದ್ದನ್ನು 2018ರಲ್ಲಿ ಕೊಡಲಾರಂಭಿಸಿದರು. ಅವಳ ಸೆಳವುಗಳು ಕಡಿಮೆಯಾದವು. ಆದರೆ ರೋಗ ಅದಾಗಲೇ ಬಹಳ ಮುಂದುವರಿದಿತ್ತು. 2021ರಲ್ಲಿ ಅವಳು ತೀರಿಕೊಂಡಳು. 2025ರಲ್ಲಿ ಫಿಲಡೆಲ್ಫಿಯಾದ ಡಾ. ರೆಬೆಕಾ ಆರೆನ್ಸ್-ನಿಕ್ಲಾಸ್ ಮತ್ತು ಭಾರತೀಯ ಮೂಲದ ಡಾ. ಕಿರಣ್ ಮುಸುನೂರು, ರಕ್ತದಲ್ಲಿ ಅಮೋನಿಯಾ ಸೇರುವ ಬೇನೆಯಿದ್ದ ಶಿಶುವೊಂದರ ಯಕೃತ್ತಿನ ಜೀವಕೋಶಗಳಲ್ಲಿನ ತಪ್ಪಕ್ಷರವನ್ನೇ ತಿದ್ದುವ ಮದ್ದನ್ನು ಆರು ತಿಂಗಳಲ್ಲಿ ಸಿದ್ಧಗೊಳಿಸಿ ಕೊಟ್ಟರು. ಶಿಶು ಮನೆಗೆ ಮರಳಿತು. ತಡವಾಗಿ ಬಂದ ಹೆಸರಿಗೂ ಹೊತ್ತಿಗೆ ಬಂದ ಹೆಸರಿಗೂ ಇರುವ ಅಂತರವನ್ನು ಈ ಎರಡು ಪ್ರಸಂಗಗಳು ತಿಳಿಸುತ್ತವೆ.

ಸೋದರಿಕೆಯ ಸಂಬಂಧ

ಖರಾಡಿಯಿಂದ ಪುಣೆ ನಗರದತ್ತ ಹೋಗುವಾಗ ಯರವಡಾ ಸಿಗುತ್ತದೆ. ಅಲ್ಲಿನ ಡೆಕ್ಕನ್ ಕಾಲೇಜಿನಲ್ಲಿ ದುಡಿದ ವಿದುಷಿ ಇರಾವತಿ ಕರ್ವೆ ಭಾರತದ ಬಂಧುತ್ವ ವ್ಯವಸ್ಥೆಯನ್ನು ಕುರಿತ ತಮ್ಮ ಪ್ರಸಿದ್ಧ ಗ್ರಂಥವನ್ನು 1953ರಲ್ಲಿ ಪ್ರಕಟಿಸಿದರು. ಉತ್ತರದಲ್ಲಿ ನಿಷಿದ್ಧವಾದ ಸೋದರಿಕೆಯ ವಿವಾಹ ದಕ್ಷಿಣದಲ್ಲಿ ಮೆಚ್ಚಿನ ಸಂಬಂಧವಾಗಿರುವುದನ್ನು ಅವರು ವಿವರಿಸಿದ್ದಾರೆ. ಕರ್ನಾಟಕದಲ್ಲಿ ಇಂದಿಗೂ ಸುಮಾರು ನಾಲ್ಕರಲ್ಲಿ ಒಂದು ಮದುವೆ ರಕ್ತಸಂಬಂಧಿಗಳ ನಡುವೆ ನಡೆಯುತ್ತದೆಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಿಂದ ತಿಳಿಯುತ್ತದೆ.

ಸೋದರಮಾವ-ಸೊಸೆಯರಲ್ಲಿ ವಂಶವಾಹಿಗಳ ನಾಲ್ಕನೆಯ ಒಂದು ಪಾಲು, ಸೋದರತ್ತೆ-ಸೋದರಮಾವಂದಿರ ಮಕ್ಕಳಲ್ಲಿ ಎಂಟನೆಯ ಒಂದು ಪಾಲು ಸಮಾನವಾಗಿರುತ್ತದೆ. ಆದುದರಿಂದ ಒಂದೇ ದೋಷಕ್ಕೆ ಇಬ್ಬರೂ ವಾಹಕರಾಗಿರುವ ಸಂಭವ ಹೆಚ್ಚು. ಯಾವುದೇ ದಂಪತಿಗಳ ಮಗುವಿಗೂ ಗಂಭೀರ ಜನ್ಮಜಾತ ದೋಷದ ಸಂಭವ ನೂರರಲ್ಲಿ ಎರಡು ಮೂರರಷ್ಟು ಇದ್ದೇ ಇದೆ. ಅತ್ತೆಮಾವಂದಿರ ಮಕ್ಕಳ ಮದುವೆಯಲ್ಲಿ ಅದು ಸುಮಾರು ಇಮ್ಮಡಿ. ಇಂಥ ಮದುವೆಯಾದವರ ಬಹುಪಾಲು ಮಕ್ಕಳು ಆರೋಗ್ಯವಂತರೇ ಆಗಿರುತ್ತಾರೆ. ಹಾಗೆಯೇ, ಹೊರಗಿನ ಸಂಬಂಧ ಮಾಡಿದ ಮಾತ್ರಕ್ಕೆ ಅಪಾಯ ಪೂರ್ತಿ ತಪ್ಪುವುದೂ ಇಲ್ಲ. ತಲೆಮಾರುಗಳಿಂದ ಒಂದೇ ಪಂಗಡದೊಳಗೆ ಮದುವೆಯಾಗುತ್ತ ಬಂದವರಲ್ಲಿ ಒಬ್ಬ ಹಿರಿಯನಿಂದ ಬಂದ ದೋಷ ಹಲವರಲ್ಲಿ ಹರಡಿರಬಹುದು.

ಒಂದು ಮಾತನ್ನು ಮಾತ್ರ ಪ್ರತಿ ಮನೆಯೂ ನೆನಪಿನಲ್ಲಿಡಬೇಕು. ಇಂಥ ರೋಗದಲ್ಲಿ ದೋಷದ ಒಂದು ಪ್ರತಿ ತಾಯಿಯದಾದರೆ ಇನ್ನೊಂದು ತಂದೆಯದು. ಸೊಸೆಯ ಕಾಲ್ಗುಣವನ್ನು ಹಳಿಯುವುದಕ್ಕೆ ಇಲ್ಲಿ ಎಡೆಯೇ ಇಲ್ಲ. ಬಸಿರಿನಲ್ಲಿ ತಿಂದದ್ದು, ಗ್ರಹಣದಂದು ಹೊರಗೆ ಬಂದದ್ದು ಇದಕ್ಕೆ ಕಾರಣವಲ್ಲ.

ತಂದೆತಾಯಿಗಳು ಮಾಡಬೇಕಾದದ್ದು

ಕಲಿತದ್ದನ್ನು ಮಗು ಮರೆಯುತ್ತ ಬಂದರೆ, ಹತೋಟಿಗೆ ಬಾರದ ಸೆಳವುಗಳಿದ್ದರೆ, ಮಾಂಸಖಂಡಗಳು ಸಡಿಲವಾಗುತ್ತಿದ್ದರೆ, ಚಿಕಿತ್ಸೆಗೆ ಜಗ್ಗದ ಕೀಲುಬೇನೆಯಿದ್ದರೆ, ಅಥವಾ ಒಂದೇ ಮನೆಯಲ್ಲಿ ಕಾರಣ ತಿಳಿಯದೆ ಶಿಶುಗಳು ತೀರಿಕೊಂಡಿದ್ದರೆ, ಮಕ್ಕಳ ವೈದ್ಯರ ಮೂಲಕ ತಳಿತಜ್ಞರನ್ನು ಕಾಣುವುದು ಉಚಿತ. ಮೂರು ತಲೆಮಾರಿನ ವಂಶವೃಕ್ಷವನ್ನು ಬರೆದುಕೊಂಡು ಹೋದರೆ ಅರ್ಧ ಕೆಲಸವಾದಂತೆ. ಯಾರು ಯಾರನ್ನು ಮದುವೆಯಾದರು, ಯಾವ ಮಗು ಯಾವ ವಯಸ್ಸಿನಲ್ಲಿ ಹೋಯಿತು ಎಂಬುದನ್ನು ಊರಿನ ಅಜ್ಜಿಯರಷ್ಟು ಚೆನ್ನಾಗಿ ಬಲ್ಲವರು ಬೇರಿಲ್ಲ. ಹಳೆಯ ಚೀಟಿ, ಕ್ಷ-ಕಿರಣ ಚಿತ್ರಗಳನ್ನು ಎಸೆಯದೆ ಕಾಪಾಡಬೇಕು.

ಮಗುವಿಗೆ ಹೆಸರು ದೊರೆತ ಮೇಲೆ ಮುಂದಿನ ಬಸಿರಿಗೆ ಮೊದಲೇ ತಜ್ಞರ ಸಲಹೆ ಪಡೆಯಬೇಕು. ಗರ್ಭದಲ್ಲಿರುವ ಶಿಶುವಿಗೆ ಆ ದೋಷವಿದೆಯೇ ಎಂದು ಪರೀಕ್ಷಿಸಲು ಸಾಧ್ಯವಿದೆ. 1994ರ ಕಾನೂನಿನಂತೆ ಈ ಪರೀಕ್ಷೆಗೆ ನೋಂದಾಯಿತ ಸಂಸ್ಥೆಯೇ ಆಗಬೇಕು. ಶಿಶುವಿನ ಲಿಂಗವನ್ನು ತಿಳಿಸುವುದು ಅಪರಾಧ. ಪರೀಕ್ಷೆ ಬೇಕೇ ಬೇಡವೇ, ಫಲಿತಾಂಶ ಬಂದ ಮೇಲೆ ಏನು ಮಾಡಬೇಕು ಎಂಬ ನಿರ್ಧಾರ ದಂಪತಿಗಳದು. ಅದನ್ನು ಯಾರೂ ಹೇರುವಂತಿಲ್ಲ.

ವೆಚ್ಚದ ಚಿಂತೆ ಸುಳ್ಳಲ್ಲ. ಬೆನ್ನುಹುರಿಯ ನರಗಳು ನಶಿಸಿ ಮಾಂಸಖಂಡಗಳು ಸೋಲುವ ಬೇನೆಗೆ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ವಂಶವಾಹಿ ಚಿಕಿತ್ಸೆಯ ಬೆಲೆ ಆಗಲೇ 20 ಲಕ್ಷ ಡಾಲರುಗಳನ್ನು ಮೀರಿತ್ತು. ಭಾರತ ಸರ್ಕಾರದ 2021ರ ಅಪರೂಪ ರೋಗಗಳ ನೀತಿಯಲ್ಲಿ, ಗೊತ್ತುಪಡಿಸಿದ ಶ್ರೇಷ್ಠತಾ ಕೇಂದ್ರಗಳ ಮೂಲಕ ರೋಗಿಯೊಬ್ಬರಿಗೆ 50 ಲಕ್ಷ ರೂಪಾಯಿಗಳವರೆಗೆ ನೆರವಿಗೆ ಅವಕಾಶವಿದೆ. ಮುಂಬಯಿಯ ಕೆ.ಇ.ಎಂ. ಆಸ್ಪತ್ರೆ, ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಹಾಗೂ ಮಾನವ ತಳಿವಿಜ್ಞಾನ ಕೇಂದ್ರ ಅವುಗಳಲ್ಲಿ ಸೇರಿವೆ. ಪುಣೆಯ ಕುಟುಂಬಕ್ಕೆ ಮುಂಬಯಿ ಹತ್ತಿರ; ಊರಿಗೆ ಹೋದಾಗ ಬೆಂಗಳೂರೂ ದೂರವಲ್ಲ.

ಇನ್ನೊಂದು ಕೊರತೆಯೂ ಕ್ರಮೇಣ ತುಂಬುತ್ತಿದೆ. ಬಹುಕಾಲ ಜಗತ್ತಿನ ವಂಶವಾಹಿ ಭಂಡಾರಗಳಲ್ಲಿ ಐರೋಪ್ಯ ಮೂಲದವರದೇ ಹೆಚ್ಚಳವಾಗಿತ್ತು. ಭಾರತದ ಮಗುವಿನಲ್ಲಿ ಕಂಡ ವ್ಯತ್ಯಾಸ ರೋಗದ್ದೋ ಜನಾಂಗದ ಸಹಜ ಲಕ್ಷಣವೋ ಎಂದು ನಿರ್ಧರಿಸುವುದು ಕಷ್ಟವಾಗುತ್ತಿತ್ತು. 2020ರಲ್ಲಿ ಆರಂಭವಾದ 'ಜೀನೋಮ್ ಇಂಡಿಯಾ' ಯೋಜನೆ ಸುಮಾರು 10,000 ಭಾರತೀಯರ ವಂಶಗ್ರಂಥವನ್ನು ಓದಿ, 2025ರ ಜನವರಿಯಲ್ಲಿ ಅದನ್ನು ಸಂಶೋಧಕರಿಗೆ ತೆರೆದಿಟ್ಟಿತು.

ಖರಾಡಿಯ ಆ ಕಲ್ಪನೆಯ ಮನೆಗೆ ಒಂದು ದಿನ ಪರೀಕ್ಷೆಯ ವರದಿ ಬರುತ್ತದೆ ಎಂದಿಟ್ಟುಕೊಳ್ಳಬಹುದು. ಅದರಲ್ಲಿ ಗುಣವಾಗುವ ಭರವಸೆಯಿಲ್ಲ. ಆದರೆ ಬೇನೆಗೊಂದು ಹೆಸರಿದೆ. ವೈದ್ಯರು ಸ್ಟೆರಾಯ್ಡನ್ನು ಹಂತಹಂತವಾಗಿ ಇಳಿಸುತ್ತಾರೆ. ಮಗುವಿನ ತರಗತಿಯನ್ನು ಶಾಲೆಯವರು ನೆಲ ಅಂತಸ್ತಿಗೆ ತರುತ್ತಾರೆ. ಗದಗಿನಲ್ಲಿರುವ ಚಿಕ್ಕಮ್ಮ ತನ್ನ ಮದುವೆಯ ಮಾತು ಮುಂದುವರಿಯುವ ಮೊದಲು ತಾನೂ ವಾಹಕಳೇ ಎಂದು ಪರೀಕ್ಷಿಸಿಕೊಳ್ಳುತ್ತಾಳೆ. ಎಣ್ಣೆಯ ಬಟ್ಟಲನ್ನು ಬದಿಗಿಡದ ಅಜ್ಜಿಗೆ, ಮೆಲ್ಲಗೆ ನೀವಿದರೆ ತೊಂದರೆಯಿಲ್ಲ, ಕೀಲುಗಳನ್ನು ಬಲವಂತವಾಗಿ ಬಗ್ಗಿಸಬಾರದೆಂದು ವೈದ್ಯರು ತಿಳಿಹೇಳುತ್ತಾರೆ. ಮಗು ಈಗಲೂ ಗೋಡೆ ಹಿಡಿದೇ ಏಳುತ್ತದೆ. ಆದರೆ ಅದಕ್ಕೆ ಆಗಿರುವುದೇನೆಂದು ಮನೆಯವರೆಲ್ಲರೂ ಬಲ್ಲರು.